ಸಿಂಥಸೈಜರಿನೊಳಗೊಂದು ಪೇಟಿ: ಪ್ರಿಸೆಟ್‌ಗಳನ್ನು ಅರಿತು ಬಳಸುವ ಬಗೆ

ಗಂಗಾವತಿಯ ಭಜನಾ ಮಂಡಳಿಯೊಂದರಲ್ಲಿ ಕೀಬೋರ್ಡ್ ನುಡಿಸುವ ಹುಡುಗನೊಬ್ಬ ಕಳೆದ ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದ. ಉಚಿತವಾಗಿ ಸಿಗುವ ಸರ್ಜ್ ಎಕ್ಸ್‌ಟಿ ಎಂಬ ಸಾಫ್ಟ್‌ವೇರ್ ಸಿಂಥಸೈಜರನ್ನು, ಅಂದರೆ ನಾದವನ್ನು ಕೃತಕವಾಗಿ ಹುಟ್ಟಿಸುವ ತಂತ್ರಾಂಶವನ್ನು, ಅದಕ್ಕೆ ಹಾಕಿಕೊಂಡು, ಅಂತರ್ಜಾಲದಲ್ಲಿ ಕಣ್ಣಿಗೆ ಬಿದ್ದ ಪ್ರಿಸೆಟ್‌ಗಳನ್ನೆಲ್ಲ, ಅಂದರೆ ಮೊದಲೇ ಹೊಂದಿಸಿಟ್ಟ ನಾದಗಳನ್ನೆಲ್ಲ, ಇಳಿಸಿಕೊಂಡಿದ್ದ. "ಅಣ್ಣಾರ, ಇದರಾಗ ಸಾವಿರಗಟ್ಟಲೆ ಸೌಂಡ್ ಅದಾವ್ರಿ, ಆದರ ನಮ್ಮ ಪದಕ್ಕ ಒಂದೂ ಕೂಡವಲ್ದು" ಎಂದ. ತಾಲೀಮಿನ ಹೊತ್ತೆಲ್ಲ ಬಾಣದ ಗುರುತನ್ನು ಒತ್ತುತ್ತ ಮುಂದಿನ ಪ್ರಿಸೆಟ್, ಅದರ ಮುಂದಿನ ಪ್ರಿಸೆಟ್ ಎಂದು ಹುಡುಕುವುದರಲ್ಲೇ ಕಳೆಯುತ್ತಿತ್ತಂತೆ. ಹಾಡುವವರು ಕಾಯ್ದು ಕಾಯ್ದು ಕೊನೆಗೆ ಹಳೆಯ ಹಾರ್ಮೋನಿಯಂ ಪೇಟಿಯನ್ನೇ ಮುಂದೆ ಎಳೆದುಕೊಳ್ಳುತ್ತಿದ್ದರಂತೆ.

ಅವನಿಗೆ ಅಂದು ಮತ್ತು ಮುಂದಿನ ಕೆಲವು ವಾರಗಳಲ್ಲಿ ಹೇಳಿಕೊಟ್ಟದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಕೊಪ್ಪಳ, ಬಳ್ಳಾರಿ, ರಾಯಚೂರು ಭಾಗದ ರಂಗಗೀತೆ, ತತ್ವಪದ, ಭಜನೆ, ಬಯಲಾಟಗಳನ್ನು ಕೇಳಿ ಬೆಳೆದವರ ಕಿವಿ ಹಾರ್ಮೋನಿಯಂ ಪೇಟಿಯ ನಾದಕ್ಕೆ ಪಳಗಿರುತ್ತದೆ. ಆದ್ದರಿಂದ ಸಿಂಥಸೈಜರಿನಲ್ಲಿ ಒಂದು ಪೇಟಿಯನ್ನು ಮೊದಲಿನಿಂದ ಕಟ್ಟುತ್ತ ಹೋದರೆ ಯಾವ ನಾಬ್ (ತಿರುಗಿಸುವ ಗುಂಡಿ) ಏನು ಮಾಡುತ್ತದೆ ಎಂಬುದು ಬೇರೆ ಯಾವ ಉದಾಹರಣೆಗಿಂತ ಸ್ಪಷ್ಟವಾಗಿ ತಿಳಿಯುತ್ತದೆ ಎಂಬುದು ನನ್ನ ಅನುಭವ. ಹತ್ತು ಹನ್ನೆರಡು ನಾಬ್‌ಗಳನ್ನು ಚೆನ್ನಾಗಿ ಅರಿತು, ಏಳೆಂಟು ಪ್ರಿಸೆಟ್‌ಗಳನ್ನು ತಾನೇ ಕಟ್ಟಿ, ಅವುಗಳನ್ನು ಜೋಪಾನವಾಗಿ ಇಟ್ಟುಕೊಂಡವನಿಗೆ ಇಳಿಸಿಕೊಂಡ ಸಾವಿರ ಪ್ರಿಸೆಟ್‌ಗಳ ಹಂಗು ಇರುವುದಿಲ್ಲ.

ಪ್ರಿಸೆಟ್ ಒಳಗೆ ಏನಿರುತ್ತದೆ

ಸಿಂಥಸೈಜರಿನ ಎಲ್ಲ ನಾಬ್‌ಗಳು ಒಂದು ಗಳಿಗೆಯಲ್ಲಿ ಯಾವ ಯಾವ ಅಂಕಿಯ ಮೇಲೆ ನಿಂತಿದ್ದವು ಎಂಬುದನ್ನು ಬರೆದಿಟ್ಟ ಪಟ್ಟಿಯೇ ಪ್ರಿಸೆಟ್. ಅದರೊಳಗೆ ಸಾಮಾನ್ಯವಾಗಿ ಧ್ವನಿಮುದ್ರಣ ಇರುವುದಿಲ್ಲ. ಇದು ಮನಸ್ಸಿಗೆ ಇಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1964ರ ಸುಮಾರಿಗೆ ಅಮೆರಿಕದ ರಾಬರ್ಟ್ ಮೂಗ್ ಅವರು ಮಾಡಿದ ಸಿಂಥಸೈಜರಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆಯಿದ್ದು, ಅವುಗಳನ್ನು ಪ್ಯಾಚ್ ಕಾರ್ಡ್ ಎಂಬ ತಂತಿಗಳಿಂದ ಜೋಡಿಸಬೇಕಾಗಿತ್ತು. ಇಂದಿಗೂ ಪ್ರಿಸೆಟ್‌ಗೆ ಪ್ಯಾಚ್ ಎನ್ನುವ ರೂಢಿ ಅಲ್ಲಿಂದ ಬಂದದ್ದು. 1970ರಲ್ಲಿ ಬಂದ ಮಿನಿಮೂಗ್‌ನಲ್ಲಿ ತಂತಿಗಳ ಗೋಜಲು ತಪ್ಪಿತಾದರೂ ಯಂತ್ರಕ್ಕೆ ನೆನಪಿನ ಶಕ್ತಿ ಇರಲಿಲ್ಲ. ಒಂದು ನಾದ ಇಷ್ಟವಾದರೆ, ನಾಬ್‌ಗಳ ಚಿತ್ರ ಅಚ್ಚಾದ ಹಾಳೆಯ ಮೇಲೆ ಯಾವ ನಾಬ್ ಎತ್ತ ತಿರುಗಿದೆ ಎಂದು ಪೆನ್ಸಿಲ್ಲಿನಿಂದ ಗುರುತು ಹಾಕಿಕೊಳ್ಳಬೇಕಾಗಿತ್ತು. 1978ರಲ್ಲಿ ಡೇವ್ ಸ್ಮಿತ್ ಅವರ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಸಂಸ್ಥೆ ತಂದ ಪ್ರಾಫೆಟ್-5 ಆ ಹಾಳೆಯ ಕೆಲಸವನ್ನು ಮೈಕ್ರೊಪ್ರೊಸೆಸರಿಗೆ ವಹಿಸಿ, 40 ನಾದಗಳ ಗುರುತುಗಳನ್ನು ತಾನೇ ನೆನಪಿಟ್ಟುಕೊಳ್ಳತೊಡಗಿತು.

ಈ ಗುರುತುಗಳು ಎಷ್ಟು ಚಿಕ್ಕವು ಎಂಬುದಕ್ಕೆ 1983ರ ಯಮಾಹಾ ಡಿಎಕ್ಸ್7 ಒಳ್ಳೆಯ ಸಾಕ್ಷಿ. ಅದರ ಒಂದು ನಾದವೆಂದರೆ 155 ಅಂಕಿಗಳು. ಅಂಥ 32 ನಾದಗಳ ಒಂದು ಬ್ಯಾಂಕ್ ಒಟ್ಟು 4,096 ಬೈಟ್‌ಗಳಲ್ಲಿ ಅಡಗುತ್ತದೆ. ನಾವು ಫೋನಿನಲ್ಲಿ ಕಳಿಸುವ ಒಂದು ಮಸುಕಾದ ಚಿತ್ರವೂ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಿರುತ್ತದೆ. ಆ ಹಳೆಯ ಬ್ಯಾಂಕುಗಳನ್ನು ಇಂದು ಡೆಕ್ಸೆಡ್ ಎಂಬ ಉಚಿತ ಸಿಂಥಸೈಜರಿನಲ್ಲಿ ತೆರೆದು ನುಡಿಸಬಹುದು. ಏಕೆಂದರೆ ಡೆಕ್ಸೆಡ್‌ನ ನಾಬ್‌ಗಳು ಡಿಎಕ್ಸ್7ರ ನಾಬ್‌ಗಳನ್ನೇ ಹೋಲುತ್ತವೆ. ಆದರೆ ಅದೇ ಬ್ಯಾಂಕನ್ನು ವೈಟಲ್ ಎಂಬ ಇನ್ನೊಂದು ಸಿಂಥಸೈಜರಿನಲ್ಲೋ ಸರ್ಜ್‌ನಲ್ಲೋ ತೆರೆಯಲು ಬರುವುದಿಲ್ಲ. ಒಂದು ಯಂತ್ರದ ನಾಬ್‌ಗಳ ಲೆಕ್ಕ ಬೇರೆ ನಾಬ್‌ಗಳಿರುವ ಇನ್ನೊಂದು ಯಂತ್ರಕ್ಕೆ ಹೇಗೆ ಹೊಂದೀತು? ಪ್ರಿಸೆಟ್ ಇಳಿಸಿಕೊಳ್ಳುವ ಮೊದಲು ಅದು ಯಾವ ಸಿಂಥಸೈಜರಿಗಾಗಿ ಮಾಡಿದ್ದು ಎಂದು ನೋಡಬೇಕಾದದ್ದು ಇದೇ ಕಾರಣಕ್ಕೆ.

ಪೇಟಿಯನ್ನು ಕಟ್ಟುವುದು

ಬಹುಪಾಲು ಸಿಂಥಸೈಜರುಗಳಲ್ಲಿ ಇನಿಟ್ ಎಂಬ ಬರಿದಾದ ಪ್ರಿಸೆಟ್ ಒಂದಿರುತ್ತದೆ. ಅಲ್ಲಿಂದಲೇ ಆರಂಭಿಸಬೇಕು. ಬೇರೆಯವರು ಕಟ್ಟಿದ ಪ್ರಿಸೆಟ್ ತೆರೆದು ತಿದ್ದಹೊರಟರೆ, ಯಾವ ನಾಬ್ ಎಲ್ಲಿಗೆ ಗಂಟು ಹಾಕಿಕೊಂಡಿದೆ ಎಂದು ಬಿಡಿಸುವುದಕ್ಕೇ ಅರ್ಧ ದಿನ ಬೇಕು.

ಮೊದಲನೆಯದು ಆಸಿಲೇಟರ್, ಅಂದರೆ ನಾದ ಹುಟ್ಟುವ ಜಾಗ. ಪೇಟಿಯೊಳಗೆ ಗಾಳಿಗೆ ಕಂಪಿಸಿ ನುಡಿಯುವ ಲೋಹದ ಪಟ್ಟಿಯಾದ ರೀಡ್ ಇದ್ದಂತೆ. ಇದರ ಅಲೆಯ ಆಕಾರವನ್ನು ಆರಿಸಿದಂತೆ ನಾದದ ಬಣ್ಣ ಬದಲಾಗುತ್ತದೆ. ಸೈನ್ ಅಲೆಯಲ್ಲಿ ಮೂಲ ಸ್ವರವೊಂದೇ ಇರುತ್ತದೆ, ಬರಿಯ ಊದಿದಂತೆ ಕೇಳಿಸುತ್ತದೆ. ಗರಗಸದ ಹಲ್ಲಿನಂತಿರುವ ಸಾ ಅಲೆಯಲ್ಲಿ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಉಪಸ್ವರಗಳೆಲ್ಲ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಎಂಬ ಅಳತೆಯಲ್ಲಿ ಇಳಿಯುತ್ತ ಸೇರಿರುತ್ತವೆ. ಸ್ಕ್ವೇರ್ ಅಲೆಯಲ್ಲಿ ಬೆಸ ಸಂಖ್ಯೆಯ ಉಪಸ್ವರಗಳು ಮಾತ್ರ. ಪಲ್ಸ್ ಅಲೆಯ ಅಗಲವನ್ನು ಶೇಕಡಾ 25ಕ್ಕೆ ಇಟ್ಟರೆ ನಾಲ್ಕು, ಎಂಟು, ಹನ್ನೆರಡನೆಯ ಉಪಸ್ವರಗಳು ಮಾಯವಾಗಿ ಸ್ವಲ್ಪ ಮೂಗಿನಿಂದ ಹಾಡಿದಂಥ ದನಿ ಬರುತ್ತದೆ. ನಮ್ಮ ಪೇಟಿಗೆ ಒಂದು ಸಾ ಅಲೆ, ಒಂದು ಪಲ್ಸ್ ಅಲೆ, ಹೀಗೆ ಎರಡು ಆಸಿಲೇಟರುಗಳು ಸಾಕು.

ಎರಡು ಏಕೆಂದರೆ, ನಮ್ಮಲ್ಲಿ ಬಳಸುವ ಡಬಲ್ ಲೈನ್ ಪೇಟಿಯಲ್ಲಿ ಒಂದು ಮನೆ (ಕೀ) ಒತ್ತಿದರೆ ಎರಡು ರೀಡ್‌ಗಳು ನುಡಿಯುತ್ತವೆ: ಕೆಳಗಿನ ಸಪ್ತಕದ ಖರ್ಜ, ಅದರ ಮೇಲಿನ ನರ. ಸಿಂಥಸೈಜರಿನಲ್ಲಿ ಮೊದಲ ಆಸಿಲೇಟರನ್ನು ಒಂದು ಸಪ್ತಕ, ಅಂದರೆ 12 ಸೆಮಿಟೋನ್ ಕೆಳಗಿಳಿಸಿದರೆ ಅದು ಖರ್ಜವಾಗುತ್ತದೆ. ಇನ್ನೊಂದನ್ನು ಇದ್ದಲ್ಲೇ ಬಿಟ್ಟು, ಅದರ ಡಿಟ್ಯೂನ್ ನಾಬನ್ನು 4 ಸೆಂಟ್‌ನಷ್ಟು ಮೇಲಕ್ಕೆ ತಿರುಗಿಸಬೇಕು. ಒಂದು ಸಪ್ತಕಕ್ಕೆ 1,200 ಸೆಂಟ್‌ಗಳೆಂದ ಮೇಲೆ ನಾಲ್ಕು ಸೆಂಟ್ ಎಂಬುದು ಕಿವಿಗೆ ಅಪಸ್ವರ ಎನಿಸದಷ್ಟು ಸಣ್ಣ ಅಂತರ. ಆದರೂ 440 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 440 ಬಾರಿ ಕಂಪಿಸುವ, ಸ್ವರವನ್ನು ಹಿಡಿದು ಕೇಳಿ ನೋಡಿ: ಖರ್ಜದ ಎರಡನೆಯ ಉಪಸ್ವರಕ್ಕೂ ನರದ ಮೂಲ ಸ್ವರಕ್ಕೂ ಸುಮಾರು ಒಂದು ಹರ್ಟ್ಜ್ ವ್ಯತ್ಯಾಸ ಬೀಳುವುದರಿಂದ, ನಾದವು ಸೆಕೆಂಡಿಗೊಮ್ಮೆ ಮೆಲ್ಲಗೆ ಉಬ್ಬಿ ಇಳಿಯುತ್ತದೆ. ಹಳೆಯ ಪೇಟಿಯ ನಾದ ಜೀವಂತವಾಗಿ ಕೇಳುವುದಕ್ಕೆ ಈ ಅಲೆಯಾಟ ಒಂದು ಮುಖ್ಯ ಕಾರಣ. ಒಂದು ಸಪ್ತಕ ಮೇಲೆ ಹೋದರೆ ಈ ಉಬ್ಬಿಳಿತ ಸೆಕೆಂಡಿಗೆ ಎರಡಾಗುತ್ತದೆ, ಕೆಳಗೆ ಬಂದರೆ ಎರಡು ಸೆಕೆಂಡಿಗೆ ಒಂದಾಗುತ್ತದೆ. ಡಿಟ್ಯೂನ್ ಎಷ್ಟಿರಬೇಕೆಂದು ನಿರ್ಧರಿಸುವಾಗ ಹಾಡುವವರು ಹೆಚ್ಚಾಗಿ ನಿಲ್ಲುವ ಸ್ವರದ ಮೇಲೆಯೇ ಕಿವಿಯಿಡಬೇಕು. ಮಧ್ಯ ಸಪ್ತಕದಲ್ಲಿ ಸೊಗಸೆನಿಸಿದ್ದು ತಾರಕ್ಕೆ ಹೋದಾಗ ನಡುಗಿದಂತೆ ಕೇಳಬಹುದು.

ಹುಟ್ಟಿದ ನಾದ ಮುಂದೆ ಫಿಲ್ಟರಿಗೆ ಬರುತ್ತದೆ. ಲೋ-ಪಾಸ್ ಫಿಲ್ಟರಿನ ಕಟ್‌ಆಫ್ ನಾಬನ್ನು 2,000 ಹರ್ಟ್ಜ್‌ಗೆ ಇಟ್ಟರೆ ಅದರ ಕೆಳಗಿನವು ಸಲೀಸಾಗಿ ದಾಟಿ, ಮೇಲಿನವು ಕುಗ್ಗುತ್ತವೆ. ಎಷ್ಟು ಕುಗ್ಗುತ್ತವೆ ಎಂಬುದನ್ನು ಇಳಿಜಾರು ಹೇಳುತ್ತದೆ: ಸಪ್ತಕಕ್ಕೆ 24 ಡೆಸಿಬೆಲ್ ಕುಗ್ಗಿಸುವ ಫಿಲ್ಟರ್ ಆದರೆ ಒಂದು ಸಪ್ತಕ ಮೇಲಿರುವ 4,000 ಹರ್ಟ್ಜ್‌ನ ಉಪಸ್ವರದ ಅಲೆಯೆತ್ತರ ಸುಮಾರು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇಲ್ಲೊಂದು ಸೂಕ್ಷ್ಮವಿದೆ, ಮತ್ತು ಎಡವುವವರು ಬಹಳ. ಕಟ್‌ಆಫ್ ಒಂದೇ ಕಡೆ ನಿಂತಿದ್ದರೆ 220 ಹರ್ಟ್ಜ್‌ನ ಸಾ ಅಲೆಯ ಒಂಬತ್ತು ಉಪಸ್ವರಗಳು ಆ ಬಾಗಿಲು ದಾಟುತ್ತವೆ, 880ರದಾದರೆ ಎರಡೇ. ತಗ್ಗಿನಲ್ಲಿ ತುಂಬಿದ ನಾದ, ಮೇಲೆ ಹೋದಂತೆ ಮಂಕು. ಇದಕ್ಕೆ ಕೀ-ಟ್ರ್ಯಾಕಿಂಗ್ ಎಂಬ ಚಿಕ್ಕ ನಾಬ್ ಇರುತ್ತದೆ. ಅದನ್ನು ಏರಿಸಿದರೆ ನುಡಿಸುವ ಸ್ವರದ ಜೊತೆಗೆ ಕಟ್‌ಆಫ್ ಕೂಡ ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ. ಪಕ್ಕದಲ್ಲಿರುವ ರೆಸೊನೆನ್ಸ್ ಎಂಬುದು ಕಟ್‌ಆಫ್ ಇರುವ ಜಾಗದ ಉಪಸ್ವರಗಳನ್ನು ಎತ್ತಿ ತೋರಿಸಿ ಸಿಳ್ಳೆಯಂಥ ಮೊನಚು ತರುತ್ತದೆ. ಪೇಟಿಗೆ ಅದು ಬೇಡ, ಕೆಳಗೇ ಇರಲಿ.

ಇನ್ನು ಎನ್ವಲಪ್. ಮನೆ ಒತ್ತಿದ ಗಳಿಗೆಯಿಂದ ಬಿಟ್ಟ ಮೇಲಿನವರೆಗೆ ನಾದ ಏರಿ ಇಳಿಯುವ ಬಗೆಯನ್ನು ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಎಂಬ ನಾಲ್ಕು ನಾಬ್‌ಗಳು ತೀರ್ಮಾನಿಸುತ್ತವೆ. ಇವುಗಳಲ್ಲಿ ಮೂರು ಕಾಲದ ಅಳತೆಗಳು. ಸಸ್ಟೇನ್ ಒಂದು ಮಾತ್ರ ಎತ್ತರದ ಅಳತೆ, ಅಂದರೆ ಮನೆಯನ್ನು ಒತ್ತಿ ಹಿಡಿದಾಗ ನಾದ ಯಾವ ಮಟ್ಟದಲ್ಲಿ ನಿಲ್ಲಬೇಕು ಎಂಬುದು. ನಾಲ್ಕನ್ನೂ ಕಾಲವೆಂದೇ ತಿಳಿದು ಸಸ್ಟೇನ್ ಏರಿಸಿದರೂ ನಾದ ಉದ್ದವಾಗಲಿಲ್ಲ ಎಂದು ಕಂಗೆಡುವವರನ್ನು ನಾನು ಬಹಳ ನೋಡಿದ್ದೇನೆ. ಪೇಟಿಯಲ್ಲಿ ಗಾಳಿ ರೀಡನ್ನು ಅಲುಗಿಸಲು ಕ್ಷಣಕಾಲ ಬೇಕಾಗುವುದರಿಂದ ಅಟ್ಯಾಕ್ ಸುಮಾರು 30 ಮಿಲಿಸೆಕೆಂಡ್ ಇರಲಿ. ಮನೆ ಒತ್ತಿರುವಷ್ಟು ಹೊತ್ತೂ ನಾದ ನಿಲ್ಲುವುದರಿಂದ ಸಸ್ಟೇನ್ ಪೂರ್ತಿ ಮೇಲಿರಲಿ. ಬಿಟ್ಟ ಕೂಡಲೇ ನಿಲ್ಲುವುದರಿಂದ ರಿಲೀಸ್ 80 ಮಿಲಿಸೆಕೆಂಡ್ ಸಾಕು. ಸಸ್ಟೇನ್ ಪೂರ್ತಿ ಇದ್ದಾಗ ಇಳಿಯುವುದಕ್ಕೆ ಜಾಗವೇ ಇಲ್ಲದ್ದರಿಂದ ಡಿಕೇ ಎಲ್ಲಿದ್ದರೂ ಒಂದೇ. ಬುರ್ರಕಥೆಯವರ ತಂಬೂರಿಯಂಥ ಮೀಟುವ ವಾದ್ಯ ಬೇಕೆಂದರೆ ಲೆಕ್ಕ ತಿರುವುಮುರುವಾಗುತ್ತದೆ: ಅಟ್ಯಾಕ್ ಸೊನ್ನೆ, ಡಿಕೇ ಒಂದೆರಡು ಸೆಕೆಂಡ್, ಸಸ್ಟೇನ್ ಸೊನ್ನೆ.

ಇಷ್ಟಾದ ಮೇಲೆ ಹುಡುಗ ತನ್ನ ಮಂಡಳಿಯ ಪೇಟಿ ಮಾಸ್ತರರನ್ನು ಕರೆದುಕೊಂಡು ಬಂದ. ಅವರು ಕಣ್ಣು ಮುಚ್ಚಿ ಕೇಳಿದರು. ನಾದ ಒಪ್ಪಿಗೆಯಾದಂತೆ ಕಂಡಿತು, ಆದರೆ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಕೈಯೆತ್ತಿ ನಿಲ್ಲಿಸಿದರು. "ಎಲ್ಲಾ ಛಲೋ ಐತಿ ತಮ್ಮಾ, ಆದರ ನಿನ್ನ ಎಡಗೈ ಸುಮ್ಮನ ಕುಂತೈತಿ" ಎಂದರು. ನಾನು ಇಂದಿಗೂ ಯಾರಿಗಾದರೂ ಸಿಂಥಸೈಜರ್ ಹೇಳಿಕೊಡುವಾಗ ಈ ಮಾತನ್ನು ನೆನೆಯುತ್ತೇನೆ. ಪೇಟಿ ನುಡಿಸುವವರ ಬಲಗೈ ಸ್ವರ ಹುಡುಕುತ್ತದೆ, ಎಡಗೈ ತಿದಿಯೊತ್ತುತ್ತ ಉಸಿರು ಕೊಡುತ್ತದೆ. ಪದದ ಸಾಲು ಏರುವಲ್ಲಿ ಗಾಳಿ ತುಂಬಿ, ಮಾತು ಮುಗಿಯುವಲ್ಲಿ ಗಾಳಿ ತೆಗೆಯುವುದು ಅದೇ ಕೈ. ನಮ್ಮ ಪ್ರಿಸೆಟ್‌ನಲ್ಲಿ ಆ ಕೈಗೆ ಕೆಲಸವನ್ನೇ ಕೊಟ್ಟಿರಲಿಲ್ಲ.

ಕೊಡುವುದು ಕಷ್ಟವಲ್ಲ. ಕೀಬೋರ್ಡಿನ ಎಡತುದಿಯಲ್ಲಿರುವ ಮಾಡ್ಯುಲೇಷನ್ ಚಕ್ರವು ಮಿಡಿಯ (ವಾದ್ಯಗಳೂ ಕಂಪ್ಯೂಟರುಗಳೂ ಸಂದೇಶ ಕಳಿಸಿಕೊಳ್ಳುವ ಭಾಷೆಯ) ಒಂದನೆಯ ಕಂಟ್ರೋಲರ್ ಆಗಿ 0ಯಿಂದ 127ರವರೆಗಿನ ಅಂಕಿಗಳನ್ನು ಕಳಿಸುತ್ತದೆ. ಅದನ್ನು ಎರಡು ಕಡೆಗೆ ಗಂಟು ಹಾಕಿದೆವು: ಒಂದು ಧ್ವನಿಯ ಮಟ್ಟಕ್ಕೆ, ಇನ್ನೊಂದು ಫಿಲ್ಟರಿನ ಕಟ್‌ಆಫ್‌ಗೆ. ಪೇಟಿಯಲ್ಲಿ ಗಾಳಿ ಹೆಚ್ಚಾದಾಗ ನಾದ ಜೋರಾಗುವುದಷ್ಟೇ ಅಲ್ಲದೆ ತುಸು ತೀಕ್ಷ್ಣವೂ ಆಗುವುದರಿಂದ ಎರಡೂ ಬೇಕು. ಮಟ್ಟವೊಂದನ್ನೇ ಜೋಡಿಸಿದರೆ ರೇಡಿಯೊದ ವಾಲ್ಯೂಮ್ ತಿರುಗಿಸಿದಂತೆ ಕೇಳುತ್ತದೆ. ಚಕ್ರ ಪೂರ್ತಿ ಕೆಳಗಿದ್ದಾಗಲೂ ನಾದ ಸಂಪೂರ್ಣ ಆರಿಹೋಗದಂತೆ ಅಳತೆಯನ್ನು ಇಟ್ಟೆವು. ಜೊತೆಗೆ ವೆಲಾಸಿಟಿಯ ಪ್ರಭಾವವನ್ನು ಸೊನ್ನೆ ಮಾಡಿದೆವು, ಏಕೆಂದರೆ ಪೇಟಿಯ ಮನೆಯನ್ನು ಎಷ್ಟು ರಭಸದಿಂದ ಒತ್ತಿದರೂ ನಾದದಲ್ಲಿ ವ್ಯತ್ಯಾಸವಾಗದು. ಅಂದಿನಿಂದ ಆ ಹುಡುಗನ ಎಡಗೈ ಚಕ್ರದ ಮೇಲೆಯೇ ಇರುತ್ತದೆ.

ಎಲ್‌ಎಫ್‌ಒ ಎಂಬ ನಿಧಾನದ ಆಸಿಲೇಟರ್ ಪೇಟಿಗೆ ಬೇಕಾಗಿಲ್ಲ. ಶಹನಾಯಿಯಂಥ ದನಿಗೆ ಅದನ್ನು 5ರಿಂದ 6 ಹರ್ಟ್ಜ್ ವೇಗದಲ್ಲಿ ಸ್ವರಕ್ಕೆ ಜೋಡಿಸಿದರೆ ಸಣ್ಣ ಕಂಪನ ಬರುತ್ತದೆ. ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್ ಚಕ್ರದ ಹರವು ಸಾಮಾನ್ಯವಾಗಿ ಎರಡು ಸೆಮಿಟೋನ್ ಇರುತ್ತದೆ. ಷಡ್ಜದಿಂದ ಶುದ್ಧ ಗಾಂಧಾರಕ್ಕೆ ಮೀಂಡ್ ಎಳೆಯಬೇಕಾದ ಕೊಳಲಿನ ಪ್ರಿಸೆಟ್‌ನಲ್ಲಿ ಅದನ್ನು ನಾಲ್ಕಕ್ಕೆ ಏರಿಸಿಕೊಳ್ಳಬೇಕು.

ಶ್ರುತಿಯ ವಿಷಯವನ್ನು ಮಾತ್ರ ಬಿಡಲಾಗದು. ಸಿಂಥಸೈಜರ್ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡುವುದರಿಂದ ಅದರ ಶುದ್ಧ ಗಾಂಧಾರ 400 ಸೆಂಟ್‌ನಲ್ಲಿ ಕೂರುತ್ತದೆ. ತಂಬೂರಿಗೆ ಹೊಂದಿಸಿ ಹಾಡುವವರ ಗಾಂಧಾರ 386 ಸೆಂಟ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಪಂಚಮದಲ್ಲಿ ಎರಡೇ ಸೆಂಟ್‌ಗಳ ಅಂತರವಿದ್ದು ಯಾರಿಗೂ ತಿಳಿಯುವುದಿಲ್ಲ, ಆದರೆ ಹದಿನಾಲ್ಕು ಸೆಂಟ್‌ನ ಗಾಂಧಾರ ಒಳ್ಳೆಯ ಹಾಡುಗಾರರನ್ನು ಒಳಗೊಳಗೇ ಕಾಡುತ್ತದೆ. ಸರ್ಜ್ ಎಕ್ಸ್‌ಟಿ ಮತ್ತು ವೈಟಲ್ ಎರಡೂ ಸ್ಕಾಲಾ ಎಂಬ ಬಗೆಯ ಶ್ರುತಿ ಕಡತಗಳನ್ನು ಓದಬಲ್ಲವು. ಹಾಗೆ ಕೂಡಿಸಿದ ಶ್ರುತಿ ಒಂದೇ ಷಡ್ಜಕ್ಕೆ ಸರಿಹೊಂದುತ್ತದೆ ಎಂಬುದನ್ನು ಮರೆಯಬಾರದು: ಕರಿ ಎರಡಕ್ಕೆ, ಅಂದರೆ ಎರಡನೆಯ ಕರಿ ಮನೆಗೆ, ಷಡ್ಜವಿಟ್ಟು ಹೊಂದಿಸಿದ್ದರಲ್ಲಿ ಬಿಳಿ ನಾಲ್ಕಕ್ಕೆ ಹಾಡಹೊರಟರೆ ಗಾಂಧಾರ ಸುಧಾರಿಸುವ ಬದಲು ಕೆಡಬಹುದು. ಅಲ್ಲದೆ ಶ್ರುತಿಯನ್ನು ಪ್ರಿಸೆಟ್ ಜೊತೆಗೇ ಉಳಿಸುವ ಸಿಂಥಸೈಜರುಗಳೂ ಇವೆ, ಬೇರೆಯಾಗಿ ಇಡುವವೂ ಇವೆ. ಒಮ್ಮೆ ಮುಚ್ಚಿ ತೆರೆದು ಪರೀಕ್ಷಿಸಿದ ಹೊರತು ನಂಬಬಾರದು.

ಉಳಿಸುವುದು, ಹೆಸರಿಡುವುದು

ಕೆಲವು ವರ್ಷಗಳ ಹಿಂದೆ ನಾನು ಇಂಥದೇ ಒಂದು ಪೇಟಿಯನ್ನು ಕಟ್ಟಿಟ್ಟುಕೊಂಡಿದ್ದೆ. ಜಾತ್ರೆಯ ಹಿಂದಿನ ರಾತ್ರಿ ನಿಧಾನಗತಿಯ ತತ್ವಪದವೊಂದಕ್ಕಾಗಿ ಅದರ ರಿಲೀಸನ್ನು ಎರಡು ಸೆಕೆಂಡಿಗೆ ಏರಿಸಿ, ಪ್ರತಿಧ್ವನಿ ಸೇರಿಸಿ, ಚೆನ್ನಾಗಿ ಬಂತೆಂಬ ಸಂತೋಷದಲ್ಲಿ ಸೇವ್ ಒತ್ತಿದೆ. ಮರುದಿನ ಸಂಜೆ ದ್ರುತಗತಿಯ ರಂಗಗೀತೆಗೆ ಅದೇ ಪೇಟಿಯನ್ನು ತೆರೆದಾಗ, ಒಂದು ಸ್ವರದ ಬಾಲ ಮುಂದಿನ ನಾಲ್ಕು ಸ್ವರಗಳ ಮೇಲೆ ಹಾಸಿಕೊಂಡು, ಹಾಡುವ ಹೆಣ್ಣುಮಗಳಿಗೆ ತನ್ನ ಸ್ವರವೇ ಕೇಳದಂತಾಯಿತು. ಹಳೆಯ ಪೇಟಿ ಎಲ್ಲಿಯೂ ಉಳಿದಿರಲಿಲ್ಲ. ಆ ತಾಯಿ ಪೇಟಿಯ ಆಸರೆಯಿಲ್ಲದೆ, ತಬಲಾದ ಬಲದ ಮೇಲೆಯೇ ಆ ಪದವನ್ನು ಮುಗಿಸಿದರು. ಅವರ ಮುಖ ನೆನಪಾದಾಗ ನನಗೆ ಈಗಲೂ ನೋವಾಗುತ್ತದೆ.

ಸೇವ್ ಎಂದರೆ ಇದ್ದ ಹಾಳೆಯನ್ನೇ ಅಳಿಸಿ ಅದರ ಮೇಲೆ ಬರೆಯುವುದು, ಸೇವ್ ಆ್ಯಸ್ ಎಂದರೆ ಹೊಸ ಹಾಳೆ ತೆಗೆದುಕೊಳ್ಳುವುದು. ಪ್ರಿಸೆಟ್‌ಗಳ ಮಟ್ಟಿಗೆ ಸೇವ್ ಆ್ಯಸ್ ಒಂದನ್ನೇ ಅಭ್ಯಾಸ ಮಾಡಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಇಷ್ಟು ಚಿಕ್ಕ ಕಡತವನ್ನು ಉಳಿಸಲು ಜಿಪುಣತನ ಬೇಕಾಗಿಲ್ಲ. ಫ್ಯಾಕ್ಟರಿ ಪ್ರಿಸೆಟ್‌ಗಳು ಒಂದು ಕಡೆ, ಬಳಕೆದಾರರವು ಇನ್ನೊಂದು ಕಡೆ ಇರುತ್ತವೆ. ಹೊಸ ಆವೃತ್ತಿಯನ್ನು ಹಾಕಿಕೊಂಡಾಗ ಫ್ಯಾಕ್ಟರಿಯ ಕಡತಗಳು ಪೂರ್ತಿ ಬದಲಾಗಬಹುದಾದ್ದರಿಂದ ನಮ್ಮ ಕೆಲಸವನ್ನು ಅವುಗಳ ನಡುವೆ ಇಡಬಾರದು.

ಹೆಸರಿನಲ್ಲಿ ಮೂರು ವಿಷಯಗಳಿರಲಿ: ವಾದ್ಯ, ಬಳಕೆ, ಎಷ್ಟನೆಯ ತಿದ್ದುಪಡಿ. ಪೇಟಿ-ರಂಗಗೀತೆ-03 ಎಂಬ ಹೆಸರನ್ನು ಆರು ತಿಂಗಳ ನಂತರ ನೋಡಿದರೂ ಅರ್ಥವಾಗುತ್ತದೆ. ಹೊಸಸೌಂಡ್-ಫೈನಲ್ ಎಂಬುದು ಮರುವಾರಕ್ಕೇ ಅರ್ಥ ಕಳೆದುಕೊಳ್ಳುತ್ತದೆ. ಅಂಕಿಯನ್ನು 03 ಎಂದು ಎರಡು ಸ್ಥಾನಗಳಲ್ಲಿ ಬರೆಯುವುದಕ್ಕೂ ಕಾರಣವಿದೆ. ಬರಿಯ ಅಂಕಿಯಿಟ್ಟರೆ ಅನೇಕ ತಂತ್ರಾಂಶಗಳು 1ರ ನಂತರ 10ನ್ನು, ಅದರ ನಂತರ 2ನ್ನು ಜೋಡಿಸುತ್ತವೆ, ವೇದಿಕೆಯ ಮೇಲೆ ಬೆರಳು ತಪ್ಪು ಕಡೆಗೆ ಹೋಗುತ್ತದೆ. ಕೆಲವು ಸಿಂಥಸೈಜರುಗಳ ಪರದೆಯಲ್ಲಿ ಕನ್ನಡ ಅಕ್ಷರಗಳ ಬದಲು ಚೌಕಗಳು ಕಾಣುತ್ತವೆ. ಅಂಥಲ್ಲಿ ಬೇಸರವಾದರೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದು, ಟಿಪ್ಪಣಿಯನ್ನು ಬೇರೆ ಕಡತದಲ್ಲಿ ಕನ್ನಡದಲ್ಲಿ ಇಟ್ಟುಕೊಳ್ಳುವುದು ವಾಸಿ.

ಹಾಡುಗಳ ಧ್ವನಿಮುದ್ರಣ, ಜೋಡಣೆಗೆ ಬಳಸುವ ರೀಪರ್, ಎಫ್‌ಎಲ್ ಸ್ಟುಡಿಯೊ, ಎಲ್‌ಎಂಎಂಎಸ್‌ನಂಥ ತಂತ್ರಾಂಶಗಳ ಒಳಗೆ ಸಿಂಥಸೈಜರನ್ನು ತೆರೆದಾಗ ಒಂದು ಗೊಂದಲ ಹುಟ್ಟುತ್ತದೆ. ಹಾಡಿನ ಪ್ರಾಜೆಕ್ಟ್ ಉಳಿಸಿದಾಗ ಸಿಂಥಸೈಜರಿನ ಆ ಹೊತ್ತಿನ ನಾಬ್‌ಗಳೆಲ್ಲವೂ ಪ್ರಾಜೆಕ್ಟಿನ ಒಳಗೇ ಪ್ರತಿಯಾಗಿ ಉಳಿಯುತ್ತವೆ. ಹೀಗಾಗಿ ಪ್ರಿಸೆಟ್ ಕಡತವನ್ನು ಮುಂದೆ ತಿದ್ದಿದರೂ ಹಳೆಯ ಹಾಡಿನ ನಾದ ಬದಲಾಗುವುದಿಲ್ಲ, ಇದು ಅನುಕೂಲವೇ. ಆದರೆ ಹಾಡಿನೊಳಗೆ ಮಾಡಿದ ತಿದ್ದುಪಡಿ ಪ್ರಿಸೆಟ್‌ಗೆ ತಾನಾಗಿ ಹೋಗುವುದೂ ಇಲ್ಲ. ಒಂದು ಹಾಡಿನಲ್ಲಿ ಅಪರೂಪದ ನಾದ ಸಿಕ್ಕರೆ ಅಲ್ಲಿಯೇ ನಿಂತು ಅದನ್ನು ಪ್ರಿಸೆಟ್ ಆಗಿಯೂ ಬೇರೆ ಉಳಿಸಬೇಕು. ನನ್ನ ಹಳೆಯ ಪೇಟಿ ನನಗೆ ಮತ್ತೆ ಸಿಕ್ಕದ್ದು ಹೀಗೆಯೇ: ಜಾತ್ರೆ ಮುಗಿದು ಎಷ್ಟೋ ದಿನದ ಮೇಲೆ ತೆರೆದ ಒಂದು ಹಳೆಯ ಮುದ್ರಣದ ಪ್ರಾಜೆಕ್ಟಿನಲ್ಲಿ ಅದು ಕಿಂಚಿತ್ತೂ ಕೆಡದೆ ಕುಳಿತಿತ್ತು.

ವೇದಿಕೆಯ ಮೇಲೆ

ಫ್ಯಾಕ್ಟರಿ ಪ್ರಿಸೆಟ್‌ಗಳು ಒಂಟಿಯಾಗಿ ಕೇಳಿದಾಗ ಮನಸೆಳೆಯುವಂತೆ ಕಟ್ಟಿದವುಗಳು. ಅವುಗಳಿಗೆ ಉದ್ದನೆಯ ರಿವರ್ಬ್ (ಪ್ರತಿಧ್ವನಿ), ಎಡಬಲಕ್ಕೆ ಹರಡುವ ಕೋರಸ್, ತುಂಬಿದ ತಗ್ಗಿನ ನಾದ ಎಲ್ಲವನ್ನೂ ಹಾಕಿರುತ್ತಾರೆ. ನಮ್ಮ ಊರುಗಳ ಮೈಕ್ ಸೆಟ್ಟಿನಲ್ಲಿ ಎಡ, ಬಲ ಎಂಬ ಭೇದ ಹೆಚ್ಚಾಗಿ ಇರುವುದಿಲ್ಲ; ಎರಡೂ ಒಂದೇ ತಂತಿಯಲ್ಲಿ ಸೇರುವಾಗ ಹರಡಿದ ನಾದದ ಕೆಲವು ಭಾಗಗಳು ಒಂದನ್ನೊಂದು ಕಳೆದು ಟೊಳ್ಳಾಗುತ್ತವೆ. ಹಾರ್ನ್ ಸ್ಪೀಕರುಗಳು ತಗ್ಗಿನ ನಾದವನ್ನು ಹೊರಡಿಸಲಾರವು. ಬಯಲಿನ ಗೋಡೆ, ಗುಡಿಗಳಿಂದ ಬರುವ ಪ್ರತಿಧ್ವನಿಯ ಮೇಲೆ ಪ್ರಿಸೆಟ್‌ನ ರಿವರ್ಬ್ ಸೇರಿದರೆ ಪದದ ಮಾತು ಕೇಳಿಸದು. ಮಾತೇ ಕೇಳದ ಮೇಲೆ ತತ್ವಪದ ಹಾಡುವುದಾದರೂ ಏಕೆ? ಆದ್ದರಿಂದ ವೇದಿಕೆಗೆಂದೇ ಎಫೆಕ್ಟ್‌ಗಳನ್ನೆಲ್ಲ ಆರಿಸಿದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳುವುದು ಅಗತ್ಯ. ಪ್ರಿಸೆಟ್‌ನಿಂದ ಪ್ರಿಸೆಟ್‌ಗೆ ಹೋದಾಗ ಧ್ವನಿಯ ಮಟ್ಟ ಹಾರದಂತೆ, ಎಲ್ಲವನ್ನೂ ಒಂದೇ ಹಾಡಿನ ಒಂದೇ ಸಾಲಿನಿಂದ ಹೋಲಿಸಿ, ಕೊನೆಯ ಔಟ್‌ಪುಟ್ ನಾಬಿನಲ್ಲಿ ಸರಿಸಮ ಮಾಡಿ ಉಳಿಸಬೇಕು.

ನಮ್ಮ ಭಾಗದ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೆಖೆಯಲ್ಲಿ ಲ್ಯಾಪ್‌ಟಾಪ್ ಕಾದು, ತನ್ನನ್ನು ಕಾಪಾಡಿಕೊಳ್ಳಲು ಪ್ರೊಸೆಸರಿನ ವೇಗವನ್ನು ಇಳಿಸಿಕೊಳ್ಳುತ್ತದೆ. ಆಗ ನಾದದ ನಡುವೆ ಚಟಚಟ ಸದ್ದು ಶುರುವಾಗುತ್ತದೆ. ನಮ್ಮ ಪೇಟಿಯಲ್ಲಿ ಐದು ಮನೆಗಳನ್ನು ಒಟ್ಟಿಗೆ ಹಿಡಿದರೆ ಹತ್ತು ಆಸಿಲೇಟರುಗಳು ಓಡುತ್ತವೆ. ಅದೇ ಪ್ರಿಸೆಟ್‌ನಲ್ಲಿ ಒಂದೇ ಸ್ವರವನ್ನು ಹಲವು ಪ್ರತಿಗಳಲ್ಲಿ ನುಡಿಸುವ ಯೂನಿಸನ್ ನಾಬನ್ನು ಏಳಕ್ಕೆ ಏರಿಸಿದರೆ ಎಪ್ಪತ್ತು ಓಡಬೇಕಾಗುತ್ತದೆ. ಮೊದಲು ಯೂನಿಸನ್ ಇಳಿಸಿ, ನಂತರ ಪಾಲಿಫೊನಿಯನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳನ್ನು, ಎಂಟಕ್ಕೆ ಮಿತಿಗೊಳಿಸಿ. ಆಮೇಲೂ ಸದ್ದು ನಿಲ್ಲದಿದ್ದರೆ ನಾದದ ಮಾದರಿಗಳನ್ನು ಕೂಡಿಟ್ಟು ಕಳಿಸುವ ಬಫರನ್ನು 256ರಿಂದ 512ಕ್ಕೆ ಏರಿಸಬಹುದು. ಸೆಕೆಂಡಿಗೆ 44,100 ಮಾದರಿಗಳ ವೇಗದಲ್ಲಿ 256ರ ಬಫರ್ ಎಂದರೆ ಸುಮಾರು 6 ಮಿಲಿಸೆಕೆಂಡ್ ತಡ, 512 ಎಂದರೆ 12ರ ಹತ್ತಿರ; ಪೇಟಿಗೆ ಇದು ನಡೆಯುತ್ತದೆ, ತಾಳವಾದ್ಯ ನುಡಿಸುವವರಿಗೆ ಬೆರಳಿಗೂ ಕಿವಿಗೂ ನಡುವಿನ ಅಂತರ ತಿಳಿಯತೊಡಗುತ್ತದೆ.

ಕೀಬೋರ್ಡಿನ ಗುಂಡಿಯಿಂದಲೇ ಪ್ರಿಸೆಟ್ ಬದಲಿಸುವುದಕ್ಕೆ ಮಿಡಿಯಲ್ಲಿ ಪ್ರೋಗ್ರಾಂ ಚೇಂಜ್ ಎಂಬ ಸಂದೇಶವಿದೆ. ಯಂತ್ರಗಳು ಅದನ್ನು 0ಯಿಂದ 127ರವರೆಗೆ ಎಣಿಸುತ್ತವೆ, ಅನೇಕ ಪರದೆಗಳು 1ರಿಂದ 128 ಎಂದು ತೋರಿಸುತ್ತವೆ. ಕೇಳಿದ್ದು ಬಿಟ್ಟು ಪಕ್ಕದ್ದು ಬಂದರೆ ಒಂದಂಕಿಯ ಈ ವ್ಯತ್ಯಾಸವನ್ನೇ ಮೊದಲು ಅನುಮಾನಿಸಬೇಕು. 1991ರ ಜನರಲ್ ಮಿಡಿ ಪಟ್ಟಿಯಲ್ಲಿ 21 ಎಂದರೆ ಅಕಾರ್ಡಿಯನ್‌ಗಿಂತ ಮೊದಲು ಬರುವ ರೀಡ್ ಆರ್ಗನ್, 105 ಎಂದರೆ ಸಿತಾರ್, 112 ಎಂದರೆ ಶಹನಾಯಿ. ಆದರೆ ಸಾಫ್ಟ್‌ವೇರ್ ಸಿಂಥಸೈಜರುಗಳು ಸಾಮಾನ್ಯವಾಗಿ ಆ ಪಟ್ಟಿಯನ್ನು ಅನುಸರಿಸುವುದಿಲ್ಲ. ಹಳೆಯ ಕೀಬೋರ್ಡಿನ ರೂಢಿಯಿಂದ 21 ಒತ್ತಿದರೆ ಯಾವುದೋ ಗುಡುಗು ಬಂದೀತು.

ಕೊನೆಯದಾಗಿ, ಯಂತ್ರದಿಂದ ಯಂತ್ರಕ್ಕೆ ಸಾಗಿಸುವ ವಿಷಯ. ಬಳಕೆದಾರರ ಪ್ರಿಸೆಟ್ ಇರುವ ಫೋಲ್ಡರನ್ನು ಇಡಿಯಾಗಿ ಪೆನ್ ಡ್ರೈವ್‌ಗೆ ನಕಲು ಮಾಡಿದರೆ ಹೆಚ್ಚಿನ ಕೆಲಸ ಮುಗಿಯುತ್ತದೆ. ಉಳಿಯುವ ತೊಡಕುಗಳು ಎರಡು. ಹೊಸ ಆವೃತ್ತಿಯಲ್ಲಿ ಉಳಿಸಿದ ಪ್ರಿಸೆಟ್ ಹಳೆಯ ಆವೃತ್ತಿಯಲ್ಲಿ ತೆರೆಯದೆ ಹೋಗಬಹುದು, ಆದ್ದರಿಂದ ಎರಡೂ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಆವೃತ್ತಿ ಇರಬೇಕು. ಇನ್ನೊಂದು, ಸ್ಯಾಂಪಲ್ (ಮುದ್ರಿಸಿದ ಧ್ವನಿಯ ತುಣುಕು) ಅಥವಾ ವೇವ್‌ಟೇಬಲ್ (ಅಲೆಯ ಆಕಾರಗಳ ಕಡತ) ಬಳಸುವ ಪ್ರಿಸೆಟ್‌ಗಳು ಕೆಲವೊಮ್ಮೆ ಆ ಕಡತ ಎಲ್ಲಿದೆ ಎಂಬ ವಿಳಾಸವನ್ನಷ್ಟೇ ಹೊತ್ತಿರುತ್ತವೆ. ಕಡತ ಜೊತೆಗೆ ಹೋಗದಿದ್ದರೆ ಪ್ರಿಸೆಟ್ ತೆರೆದರೂ ನಾದ ಬರುವುದಿಲ್ಲ, ಬಂದರೂ ಬೇರೆಯೇ ಇರುತ್ತದೆ. ಇದನ್ನು ಕಣ್ಣಿನಿಂದ ಕಂಡುಹಿಡಿಯಲಾಗದು. ಅದಕ್ಕಾಗಿ ಆ ಹುಡುಗನೂ ನಾನೂ ಈಗ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ: ಪ್ರತಿ ಪ್ರಿಸೆಟ್ ಜೊತೆಗೆ ಅದೇ ಹೆಸರಿನ ಹತ್ತು ಸೆಕೆಂಡಿನ ಒಂದು ಮುದ್ರಣ, ಅದರಲ್ಲಿ ಷಡ್ಜ, ಪಂಚಮ, ತಾರ ಷಡ್ಜ ಹಿಡಿದು ಚಕ್ರವನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಎಳೆದಿರುತ್ತೇವೆ. ಹೊಸ ಯಂತ್ರದಲ್ಲಿ ಪ್ರಿಸೆಟ್ ತೆರೆದು ಅದನ್ನೇ ನುಡಿಸಿ, ಮುದ್ರಣದ ಪಕ್ಕದಲ್ಲಿಟ್ಟು ಕೇಳುತ್ತೇವೆ. ಗಂಗಾವತಿಯ ಆ ಫೋಲ್ಡರಿನಲ್ಲಿ ಈಗ ಏಳು ಪ್ರಿಸೆಟ್‌ಗಳು, ಏಳು ಮುದ್ರಣಗಳಿವೆ. ಪೇಟಿ ಐದನೆಯ ತಿದ್ದುಪಡಿಗೆ ಬಂದಿದೆ.